ಅಡಿಗೆಕೋಣೆಯ ಪಾಯಿಂಟು

ಕಾಸರಗೋಡಿನ ನಮ್ಮ ಬೀದಿಗೆ ಕರೆಂಟು ಬಂದದ್ದು ನಾನು ಮದುವೆಯಾಗಿ ಆ ಮನೆ ಹೊಕ್ಕ ಮರುವರ್ಷ. ಆಗಿನ್ನೂ ನಾವು ಮದ್ರಾಸಿಗೆ ಸೇರಿದವರು, ಕೇರಳದವರಾಗಿರಲಿಲ್ಲ. ವಯರಿಂಗಿಗೆ ಪಾಯಿಂಟಿನ ಲೆಕ್ಕ: ಒಂದು ಬಲ್ಬು ತೂಗುವಲ್ಲಿಗೆ ಒಂದು ಪಾಯಿಂಟು, ಪ್ರತಿಯೊಂದಕ್ಕೂ ಇಷ್ಟು ಎಂದು ಕ್ರಯ. ಮಾವ ಎಂಟು ದಿನ ಯೋಚಿಸಿ ನಾಲ್ಕು ಸಾಕೆಂದರು. ಜಗಲಿಗೊಂದು, ಚಾವಡಿಗೊಂದು, ಅವರ ಕೋಣೆಗೊಂದು, ನಮ್ಮಿಬ್ಬರ ಕೋಣೆಗೊಂದು. ಜಗಲಿಯ ಬಲ್ಬಿಗೆ ಮಂಗಳೂರಿನಿಂದ ಹಾಲುಬಣ್ಣದ ಗಾಜಿನ ಗುಂಡು ಬೇರೆ. ದಾರಿಯಲ್ಲಿ ಹೋಗುವವರು ನೋಡಬೇಡವೇ! ಆ ಗುಂಡಿನ ಕ್ರಯದಲ್ಲಿ ಇನ್ನೊಂದು ಪಾಯಿಂಟು ಧಾರಾಳವಾಗಿ ಆಗುತ್ತಿತ್ತು. ಆದರೆ ಮಾವನ ಎದುರು ಬಾಯಿ ತೆರೆಯುವವರು ಯಾರು?

ಅಡಿಗೆಕೋಣೆಯ ಕಿಟಕಿ ಅಂಗೈಯಗಲ. ಹಗಲು ಹತ್ತು ಗಂಟೆಗೂ ಅಲ್ಲಿ ಚಿಮಿಣಿ ದೀಪ ಬೇಕು. ಅತ್ತೆಗೆ ಒಂದು ಕಣ್ಣಿಗೆ ಪೊರೆ ಬಂದಿತ್ತು. ಹಿಂದಿನ ವಾರವಷ್ಟೇ ಅನ್ನ ಬಸಿಯುವಾಗ ಕುದಿಯುವ ತೆಳಿ ಪಾತ್ರೆಗೆ ಬೀಳದೆ ಅವರ ಕಾಲ ಮೇಲೆ ಬಿದ್ದಿತ್ತು. ಇನ್ನೊಂದು ಸಲ ಎಲ್ಲಿಗೆ ಬೀಳುತ್ತದೋ ಎಂದು ನನಗೆ ದಿನಾ ಹೆದರಿಕೆ. ಹಾಗಿದ್ದರೂ ಒಲೆಯ ಮುಂದೆ ಕೂರಲು ಅವರು ನನ್ನನ್ನು ಬಿಡುತ್ತಿರಲಿಲ್ಲ.

ವಯರಿಂಗಿನವ ಘಟ್ಟದ ಮೇಲಿನವನು. ಸೀಮೆಸುಣ್ಣದಲ್ಲಿ ಗೋಡೆಗೆ ಗುರುತು ಹಾಕುತ್ತಾ ಬಂದವ ಅಡಿಗೆಕೋಣೆಯ ಬಾಗಿಲಲ್ಲಿ ನಿಂತ. "ಅಮ್ಮಾವ್ರೇ, ಇಲ್ಲೊಂದು ಹಾಕ್ಲಾ?" ಎಂದು ಕೇಳಿದ. ಆ ಮನೆಯಲ್ಲಿ ಅತ್ತೆಯನ್ನು ಹಾಗೆ ಕೇಳಿದವರನ್ನು ನಾನು ಕಂಡಿರಲಿಲ್ಲ. ಅವರು ಹೊಗೆಯೊಳಗಿಂದ ಮೆಲ್ಲಗೆ, "ಬೋಡು" ಎಂದರು. ತುಳುವಿನಲ್ಲಿ ಬೋಡು ಎಂದರೆ ಬೇಕು. ಅವನಿಗೆ ಕೇಳಿಸಿದ್ದು ಬೇಡ!

"ಅಮ್ಮಾವ್ರು ಬೇಡ ಅಂತಾರೆ ಸ್ವಾಮಿ" ಎಂದು ಚಾವಡಿಯತ್ತ ಕೂಗಿ ಮುಂದೆ ಹೋದ. ಅತ್ತೆ ಒಲೆಗೆ ಊದುತ್ತಿದ್ದರು, ಅದು ಅವರ ಕಿವಿಗೆ ಬೀಳಲಿಲ್ಲ. ನನಗೆ ಬಿತ್ತು. ನಾನು ಕೂಡಲೇ ಹೇಳಲಿಲ್ಲ. ಮಾವನ ನಾಲ್ಕು ಎಂದರೆ ನಾಲ್ಕೇ ಎಂದು ಗೊತ್ತಿತ್ತಲ್ಲ! ನಮ್ಮ ಕೋಣೆಯ ಬಲ್ಬಿನಡಿ ಕೂತು ಕತೆಪುಸ್ತಕ ಓದಬೇಕೆಂದು ಎಂಟು ದಿನದಿಂದ ನಾನು ಕನಸು ಕಾಣುತ್ತಿದ್ದೆ. ಅವನು ಗುರುತು ಹಾಕಿ ಮುಗಿಸಿ ಹೊರಡಲು ಚೀಲ ಹೆಗಲಿಗೇರಿಸಿದ. ಕೊನೆಗೆ ತಡೆಯಲಾಗದೆ ಚಾವಡಿಯ ಬಾಗಿಲಿಗೆ ಬಂದೆ.

"ಮಾವಾ, ಅತ್ತೆ ಹೇಳಿದ್ದು ಬೇಡ ಅಲ್ಲ, ಬೋಡು. ಇವರಿಗೆ ತುಳು ಅರ್ಥ ಆಗ್ಲಿಲ್ಲ."

ಮಾವನ ಮುಖ ಬಿಗಿಯಿತು. ಎದ್ದು ಅಡಿಗೆಕೋಣೆಗೆ ಹೋದರು. ಅವರ ಹಿಂದೆ ನಾನು, ನನ್ನ ಹಿಂದೆ ವಯರಿಂಗಿನವ.

"ನಾಲ್ಕರ ಮೇಲೆ ಒಂದೂ ಆಗುವುದಿಲ್ಲ" ಎಂದು ಅತ್ತೆಗೆ ಹೇಳಿ, ನನ್ನ ಕಡೆ ತಿರುಗಿದರು. "ಇಲ್ಲಿಗೆ ಬೇಕಾದರೆ ನಿಮ್ಮ ಕೋಣೆಯದ್ದು ಬಿಡಬೇಕು. ಎಂತ ಹೇಳ್ತೀ?"

ಆ ಗಾಜಿನ ಗುಂಡು ಬಿಡಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ನಮ್ಮ ಕೋಣೆಯದ್ದೇ ತೆಗೆಯಿರಿ ಎಂದರೂ ಆಗುತ್ತಿತ್ತು. ಎರಡೂ ಹೊರಗೆ ಬರಲಿಲ್ಲ. ತವರಿನಲ್ಲಿ ಬಾಯಿಬಡುಕಿ ಎಂದು ಹೆಸರು ಪಡೆದವಳು ನಾನು! ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು.

"ಬೊಡ್ಚಿ" ಎಂದರು, ಗಟ್ಟಿಯಾಗಿ.

"ಬೇಡವಂತೆ. ಈಗ ಸರಿಯಾಗಿ ಕೇಳಿತಲ್ಲ?" ಎಂದು ಮಾವ ವಯರಿಂಗಿನವನಿಗೆ ಹೇಳಿದರು.

ನಾನು ಹಿತ್ತಲಿಗೆ ಹೋಗಿ ಒಗೆದಿಟ್ಟ ಬಟ್ಟೆಗಳನ್ನೇ ಇನ್ನೊಮ್ಮೆ ಒಗೆದೆ. ಮಾವನ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚು ಸಿಟ್ಟು ನನ್ನ ಮೇಲೆ.

ತಿಂಗಳೊಳಗೆ ನಾಲ್ಕೂ ಬಲ್ಬು ಉರಿದವು. ಮರುದಿನ ಸಂಜೆ ನಾನು ಪುಸ್ತಕ ಬಿಡಿಸಿ ಕೂತಿದ್ದೆ. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಅತ್ತೆ. ಕೈಯಲ್ಲಿ ಅಕ್ಕಿಯ ಮೊರ. ಅವರದೇ ಮನೆ, ಅವರೇ ಸಗಣಿ ಸಾರಿಸಿ ನನಗೆ ಬಿಟ್ಟುಕೊಟ್ಟ ಕೋಣೆ. ಹೊಸ್ತಿಲಿನ ಆಚೆಯೇ ನಿಂತು ಕೇಳಿದರು:

"ಮಗಾ, ಈ ಅಕ್ಕಿಯ ಕಲ್ಲು ಹೆಕ್ಕುವಷ್ಟು ಹೊತ್ತು ನಾನು ಇಲ್ಲಿ ಕೂತರೆ ನಿನಗೆ ತೊಂದರೆ ಉಂಟಾ?"