ಆರನೇ ತರಗತಿಯ ಊರ ನಕ್ಷೆ

ಕಾನಹೊಸಹಳ್ಳಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿ. ಅಲ್ಲಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಜಂಬುನಾಥ ಮೇಷ್ಟ್ರು ಅಂದರೆ ಒಂದು ತೂಕ. ಹುಟ್ಟಿದ್ದು ಅದೇ ಊರಲ್ಲಿ, ಪಾಠ ಮಾಡುವುದೂ ಅದೇ ಊರಲ್ಲಿ. ಕೋಲು ಹಿಡಿದವರಲ್ಲ, ಆದರೆ ದನಿ ಎತ್ತಿದರೆ ಪಕ್ಕದ ಏಳನೇ ತರಗತಿಯೂ ಕೈಕಟ್ಟಿ ಕೂರುತ್ತಿತ್ತು. ತನ್ನಲ್ಲಿ ಭೇದಭಾವ ಎಂಬುದಿಲ್ಲ ಎನ್ನುವುದು ಅವರ ದೊಡ್ಡ ಹೆಮ್ಮೆ. ಬಿಸಿಯೂಟಕ್ಕೆ ಮಕ್ಕಳು ತಂತಮ್ಮವರ ಜೊತೆಗೇ ಗುಂಪಾಗಿ ಕೂತರೆ ತಾವೇ ಎಬ್ಬಿಸಿ ಬೆರೆಸಿ ಕೂರಿಸುತ್ತಿದ್ದರು. ಸುಮ್ಮನೆ ಮಾಡಿದ್ದರೆ ಚೆನ್ನಾಗಿತ್ತು. ಮದುವೆ ಮನೆಗಳಲ್ಲೂ ಅದನ್ನೇ ಹೇಳಿಕೊಳ್ಳುತ್ತಿದ್ದರು. ಕೇಳುವವರಿಗೆ ಸಾಕುಸಾಕಾದರೂ ಬಿಡುತ್ತಿರಲಿಲ್ಲ, ಪುಣ್ಯಾತ್ಮ.

ದಸರಾ ರಜೆಗೆ ಮುಂಚಿನ ತಿಂಗಳುಗಳಲ್ಲಿ ಆರನೇ ತರಗತಿ ಏನೇನೋ ಕಲಿಯಿತು. ಭಿನ್ನರಾಶಿಯ ಜೊತೆ ಗುದ್ದಾಡಿತು. ಬೇರು, ಕಾಂಡ, ಎಲೆಗಳ ಕೆಲಸವನ್ನು ಬಾಯಿಪಾಠ ಮಾಡಿತು. ಆದರೆ ಮಕ್ಕಳಿಗೆ ಹುಚ್ಚು ಹಿಡಿಸಿದ್ದು ಸಮಾಜ ವಿಜ್ಞಾನದ ನಕ್ಷೆಯ ಪಾಠ. ಪುಸ್ತಕದ ನಕ್ಷೆ ಅಲ್ಲೇ ಇರಲಿ, ನಮ್ಮೂರಿನದೇ ಬರೆಯೋಣ ಎಂದು ಮೇಷ್ಟ್ರು ಒಂದು ಬೆಳಿಗ್ಗೆ ತರಗತಿಯನ್ನೇ ಎಬ್ಬಿಸಿಕೊಂಡು ಹೊರಟುಬಿಟ್ಟರು.

ಮುಂದೆ ಮೇಷ್ಟ್ರು, ಹಿಂದೆ ಮಕ್ಕಳ ಹಿಂಡು. ಪಂಚಾಯ್ತಿ ಕಚೇರಿ, ಹಿಟ್ಟಿನ ಗಿರಣಿ, ನೀರಿನ ಟ್ಯಾಂಕು ಎಲ್ಲ ಹಾಳೆಗೆ ಬಂದವು. ದುರುಗಮ್ಮನ ಗುಡಿ ದಾಟಿದರೆ ದಾರಿ ಇಳಿದು ಕೇರಿಗೆ ಹೋಗುತ್ತದೆ. ಊರವರು ತಲೆತಲಾಂತರದಿಂದ ಊರಾಚೆ ಇಟ್ಟವರ ಕೇರಿ ಅದು. ಗುಡಿಯ ಹತ್ತಿರ ಬಂದದ್ದೇ ಮೇಷ್ಟ್ರ ಕಾಲು ಹಿಂದಕ್ಕೆ ತಿರುಗಿದವು. ಯಾರೂ ತಡೆಯಲಿಲ್ಲ, ಅವರೂ ಯೋಚಿಸಲಿಲ್ಲ. ಚಿಕ್ಕಂದಿನಿಂದ ಅಲ್ಲಿಂದ ತಿರುಗಿಯೇ ರೂಢಿ. ಮಕ್ಕಳೂ ಹಿಂದೆ ತಿರುಗಿದರು.

ಶಾಲೆಗೆ ಬಂದು ದೊಡ್ಡ ಹಾಳೆಯ ಮೇಲೆ ಎಲ್ಲವನ್ನೂ ಕೂಡಿಸಿ ಬರೆದಾಯಿತು. ಏನಾದರೂ ಉಳಿಯಿತೇ ಎಂದು ಮೇಷ್ಟ್ರು ಕೇಳಿದರು. ಕೇರಿಯ ಹೊನ್ನೂರಮ್ಮನ ಮಗಳು ರೋಜಾ ಎದ್ದು ನಿಂತಳು.

"ಸಾರ್, ನಮ್ಮ ಕೇರಿ ಉಳೀತ್ರಿ."

ದೂರು ಹೇಳುವ ದನಿಯಲ್ಲ. ಚಾಕ್‌ಪೀಸ್ ಮುಗಿದಿದೆ ಅನ್ನುವ ಹಾಗೆ ಹೇಳಿದಳು. ಮೇಷ್ಟ್ರಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೊತ್ತಾಯಿತಲ್ಲ, ಅದಕ್ಕೇ ಬಿಟ್ಟೆವು ಅಂದರು. ಹೊತ್ತೇನೂ ಆಗಿರಲಿಲ್ಲ, ಇನ್ನೂ ಒಂದು ಪಿರಿಯಡ್ ಪೂರ್ತಿ ಉಳಿದಿತ್ತು. ಅದು ಸುಳ್ಳೆಂದು ಮಕ್ಕಳಿಗೆ ಗೊತ್ತಾಯಿತು. ಮಕ್ಕಳಿಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತಾಯಿತು.

ಅವತ್ತು ಮಧ್ಯಾಹ್ನ ಮೇಷ್ಟ್ರು ಊಟಕ್ಕೆ ಕೂತರು. ಇಷ್ಟು ವರ್ಷದಲ್ಲಿ ಆ ಕೇರಿಗೆ ತಾನು ಒಮ್ಮೆಯೂ ಹೋಗಿಲ್ಲ ಎಂಬುದು ಆಗ ಹೊಳೆಯಿತು. ಶಾಲೆ ಬಿಟ್ಟ ಮಕ್ಕಳನ್ನು ಕರೆತರಬೇಕಾದಾಗಲೆಲ್ಲ ಆಟದ ಮೇಷ್ಟ್ರು ಮೈಲಾರೇಶ್ ಅವರನ್ನೇ ಆ ಕಡೆ ಕಳಿಸಿದ್ದರು. ಛೀ, ಇದೇನು ಬಾಳು ಅನ್ನಿಸಿತು. ಮಕ್ಕಳ ಮುಂದೆ ಹೋದ ಮಾನವನ್ನು ಮಕ್ಕಳ ಮುಂದೆಯೇ ಗಳಿಸಬೇಕು ಎಂದು ಮರುದಿನ ತರಗತಿಯನ್ನು ಮತ್ತೆ ಎಬ್ಬಿಸಿದರು. ಗುಡಿಯ ಹತ್ತಿರ ಕಾಲು ಒಂದು ಚಣ ನಿಂತವು. ಬಲವಂತದಿಂದ ಇಳಿದರು.

ಕೇರಿಯವರು ಮೇಷ್ಟ್ರನ್ನು ಕಂಡು ಗಾಬರಿಯಾದರು. ಯಾರ ಮಗ ಏನು ತಪ್ಪು ಮಾಡಿದನೋ ಎಂದುಕೊಂಡರು. ಹೊನ್ನೂರಮ್ಮ ಪ್ಲಾಸ್ಟಿಕ್ ಕುರ್ಚಿ ತಂದು, ಸೆರಗಿನಿಂದ ಒರೆಸಿ ಹಾಕಿದಳು. ಚಹಾ ಕೊಡಲೋ ಬೇಡವೋ ಎಂದು ಆಕೆ ಅನುಮಾನಿಸಿದಾಗ ಮೇಷ್ಟ್ರೇ ಕೇಳಿ ಇಸಿದುಕೊಂಡು, ಎಲ್ಲರೂ ನೋಡಲಿ ಎಂದು ನಿಧಾನವಾಗಿ ಕುಡಿದರು. ವಾಪಸಾಗುವಾಗ ಎದೆ ಹಗುರಾಗಿತ್ತು. ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು ಅಂತಲೇ ಹೇಳಬೇಕು.

ಆ ಹುರುಪಿನಲ್ಲೇ, ಇನ್ನು ಒಬ್ಬೊಬ್ಬರೂ ತಂತಮ್ಮ ನಕ್ಷೆ ಬರೆಯಿರಿ ಅಂದರು. ಕಣ್ಣಾರೆ ಕಂಡದ್ದನ್ನು ಬರೆಯಬೇಕು, ಯಾರೋ ಹೇಳಿದ್ದನ್ನಲ್ಲ, ಅಂಥ ನಕ್ಷೆ ದಾರಿ ತಪ್ಪಿಸುತ್ತದೆ ಎಂದೂ ಹೇಳಿದರು.

ರೋಜಾಳ ನಕ್ಷೆ ನೋಡಿ ಮೇಷ್ಟ್ರು ಬೆರಗಾದರು. ಕೇರಿಯ ಒಂದೊಂದು ಮನೆ, ನಲ್ಲಿ, ಶಾಲೆಗೆ ಬರುವ ದಾರಿಯ ಒಂದೊಂದು ತಿರುವು ಅಚ್ಚುಕಟ್ಟಾಗಿತ್ತು. ಆದರೆ ಆಂಜನೇಯನ ಗುಡಿಯ ಪಕ್ಕ, ಊರ ನಡುವೆಯೇ, ಹಾಳೆ ಖಾಲಿ ಬಿದ್ದಿತ್ತು. ಇಷ್ಟು ಚೆಂದ ಬರೆದು ಇದನ್ನು ಯಾಕೆ ಬಿಟ್ಟೆ ಎಂದು ಕೇಳಿದರು.

"ಅದು ನಿಮ್ಮ ಓಣಿರಿ ಸಾರ್. ನಾನು ಒಳಗ ಹೋಗಿಲ್ರಿ."

ಮೇಷ್ಟ್ರು ಆ ಖಾಲಿ ಜಾಗವನ್ನೇ ನೋಡಿದರು. ಎರಡು ದಿನ ಊರು ಸುತ್ತಿದರೂ ತಮ್ಮ ಓಣಿಗೆ ಅವರು ಮಕ್ಕಳನ್ನು ಕರೆದೊಯ್ದಿರಲಿಲ್ಲ. ಎಲ್ಲರಿಗೂ ಗೊತ್ತಿರುವ ಓಣಿಯೆಂದು ಬಿಟ್ಟಿದ್ದರು. ಎಲ್ಲರಿಗೂ!

ರೋಜಾ ಪೆನ್ಸಿಲ್ ಹಿಡಿದು ನಿಂತೇ ಇದ್ದಳು. "ಶಾಲಿ ಬಿಟ್ ಮ್ಯಾಲೆ ಬಂದು ನೋಡ್ಲೇನ್ರಿ ಸಾರ್? ನೋಡಿ ಬರೀತೀನ್ರಿ."

ಬಾರವ್ವ ಅನ್ನಬೇಕು, ಅಷ್ಟೇ. ಆದರೆ ಮನೆಯ ಮುಂದಿನ ಕಟ್ಟೆ ಕಣ್ಣಿಗೆ ಬಂತು. ಅಲ್ಲಿ ಅವರ ತಾಯಿ ಪಂಪಮ್ಮ ಹಗಲೆಲ್ಲ ಕೂತಿರುತ್ತಾಳೆ. ಹೋಗಿ ಬರುವವರನ್ನೆಲ್ಲ ಯಾರ ಪೈಕಿ ಎಂದು ಕೇಳದೆ ಬಿಡುವವಳಲ್ಲ. ಕೇಳಿ ಸುಮ್ಮನಿರುವವಳೂ ಅಲ್ಲ. ಆಕೆಯ ಮಾತು ಈ ಹುಡುಗಿಯ ಕಿವಿಗೆ ಬಿದ್ದರೆ? ಅಕ್ಕಪಕ್ಕದವರು ನೋಡಿದರೆ? ಬೇರೆಯವರ ಮನೆಗೆ ಹೋಗಿ ಚಹಾ ಕುಡಿಯುವುದು ಸುಲಭವಿತ್ತು. ತಾಯಿಗೆ ಎದುರು ನಿಂತು ನನ್ನ ಶಾಲೆಯ ಹುಡುಗಿ ಅನ್ನುವ ಧೈರ್ಯ ಇಷ್ಟು ವಯಸ್ಸಾದರೂ ತನಗಿಲ್ಲ ಎಂದು ಗೊತ್ತಾಗಿ ಅವರಿಗೆ ಅಸಹ್ಯವಾಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಬ್ಯಾಡ ಬಿಡವ್ವ," ಅಂದರು. "ಅಷ್ಟು ಪ್ರಿಯಾನ್ನ ಕೇಳಿ ಬರಕಂಬಿಡು."

ರೋಜಾ ಒಂದು ಗಳಿಗೆ ಅವರ ಮುಖ ನೋಡಿದಳು. ಆಗಲಿ ಎಂದು ತಲೆಯಾಡಿಸಿ, ಅದೇ ಓಣಿಯ ಪ್ರಿಯಾಳ ಪಕ್ಕ ಹೋಗಿ ಕೂತಳು. ಪ್ರಿಯಾ ಒಂದೊಂದೇ ಮನೆ ಹೇಳುತ್ತ ಹೋದಳು, ಇವಳು ಬರೆಯುತ್ತ ಹೋದಳು. ಮೇಷ್ಟ್ರು ಅವರ ಬೆನ್ನ ಹಿಂದೆಯೇ ನಿಂತಿದ್ದರು.

"ಸಾರ್ ಮನಿ ಬಾಗ್ಲ ಯಾ ಕಡಿಗೈತಿ?" ಎಂದು ರೋಜಾ ಪ್ರಿಯಾಳನ್ನು ಕೇಳಿದಳು.

ಮೇಷ್ಟ್ರ ಕಡೆಗೆ ಅವಳು ತಿರುಗಿ ನೋಡಲಿಲ್ಲ. ಅವರೂ ಹೇಳಲಿಲ್ಲ.