ಕಣ್ಣು ಮುಚ್ಚಿಸಿದ ದಿನ

ಹಳೆಯ ಕೀಬೋರ್ಡನ್ನು ಗುಜರಿಗೆ ಹಾಕುವ ಮುನ್ನ ಬೋರಲು ಹಿಡಿದು ತಟ್ಟಿದೆ. ಎಳ್ಳು, ಅವಲಕ್ಕಿಯ ಚೂರು, ಒಂದು ನರೆಗೂದಲು ಉದುರಿದವು. ಕೊನೆಗೆ ಬೂದು ಬಣ್ಣದ ಹುಡಿ. ಮೂಸಿದೆ. ವಿಭೂತಿ. ಸರ್ವಮಂಗಳತ್ತೆಯ ಬೆರಳಿನದು. ಅತ್ತೆ, ಅಂದರೆ ನನ್ನ ಅಪ್ಪನ ಅಕ್ಕ, ಪೂಜೆ ಮುಗಿಸಿ ಹಣೆಗೆ ಮೂರು ಬೆರಳು ಎಳೆದುಕೊಂಡು, ಅದೇ ಬೆರಳುಗಳಲ್ಲಿ ನೇರ ಬಂದು ಟೈಪಿಗೆ ಕೂರುತ್ತಿದ್ದರು.

ಕುವೆಂಪುನಗರದ ನಮ್ಮ ಮನೆಗೆ ಆ ಕಂಪ್ಯೂಟರ್ ಬಂದದ್ದು ಎರಡು ಸಾವಿರದ ಎರಡರ ಬೇಸಿಗೆಯಲ್ಲಿ. ನಾನು ಪಿಯುಸಿ ಮುಗಿಸಿ, ಕಂಡದ್ದನ್ನೆಲ್ಲ ತಾರೀಖು ಹಾಕಿ ಡೈರಿಗೆ ಏರಿಸುವ ಉದ್ಯೋಗದಲ್ಲಿದ್ದೆ. ಬೇರೆ ಉದ್ಯೋಗವಿರಲಿಲ್ಲ. ಬೆಳಿಗ್ಗೆ ಅಮ್ಮ ಹಾಲು ಒಲೆಗಿಡುವ ಹೊತ್ತಿಗೆ ಕಂಪ್ಯೂಟರಿನ ಗುಂಡಿ ಒತ್ತುತ್ತಿದ್ದೆ. ಹಾಲು ಮೊದಲು ಉಕ್ಕಿದರೆ ಎಡಪುಟದಲ್ಲೊಂದು ಗೀಟು, ಕಂಪ್ಯೂಟರ್ ಮೊದಲು ಎದ್ದರೆ ಬಲಪುಟದಲ್ಲಿ. ಬಲಪುಟ ಇಂದಿಗೂ ಬಿಳಿಯಾಗಿದೆ. "ಅದನ್ನೂ ಒಲೆ ಮೇಲಿಟ್ಬುಡು ಕಣೋ, ಬೇಗ ಏಳ್ತದೆ" ಎಂದು ಅಮ್ಮ ಹಂಗಿಸುತ್ತಿದ್ದಳು.

ಎದ್ದ ಮೇಲೂ ಅದು ತೂಕಡಿಸುತ್ತಿತ್ತು. ಕಾರಣವನ್ನು ಪತ್ರಿಕೆಯ ಒಂದು ಅಂಕಣ ಹೇಳಿತು: ನಮಗೆ ಕಾಣದೆ ಹಿಂದೆ ಕೆಲವು ಪ್ರೋಗ್ರಾಂಗಳು ಓಡುತ್ತಿರುತ್ತವೆ, ಮೂರು ಕೀಗಳನ್ನು ಒಟ್ಟಿಗೆ ಒತ್ತಿ ನೋಡಿ. ಒತ್ತಿದೆ. ಪರದೆಯ ಮೇಲೆ ನಾನು ಏನನ್ನೂ ತೆರೆದಿರಲಿಲ್ಲ. ಆದರೂ ಹೆಸರುಗಳ ಸಾಲೇ ಇಳಿಯಿತು. ಖಾಲಿ ಇದೆ ಎಂದುಕೊಂಡ ಮನೆಯ ಬಾಗಿಲು ತೆಗೆದರೆ ಒಳಗೆ ಗುರುತಿಲ್ಲದವರ ಪಂಕ್ತಿ ಕೂತು ಉಣ್ಣುತ್ತಿದ್ದರೆ ನಿಮಗೆ ಹೇಗಾಗುತ್ತದೆ? ನನಗೂ ಹಾಗೇ ಆಯಿತು. ಕುರ್ಚಿಯಿಂದ ಎದ್ದೇ ನಿಂತೆ.

ಒಬ್ಬೊಬ್ಬರನ್ನೇ ವಿಚಾರಿಸಿದೆ. ನಮ್ಮಲ್ಲಿ ಇಲ್ಲದ ಪ್ರಿಂಟರಿಗಾಗಿ ಕಾದು ಕೂತಿದ್ದದ್ದು ಒಂದು. ಯಾವತ್ತೋ ಹಾಕಿ ತೆಗೆದ ಹಾಡಿನ ಸಿ.ಡಿ.ಯ ಜೊತೆ ಬಂದು ಇಲ್ಲೇ ಉಳಿದದ್ದು ಇನ್ನೊಂದು. ಹೆಸರು ಬರೆದುಕೊಳ್ಳುವುದು, ಮುಚ್ಚುವುದು, ಗೀಟು ಹಾಕುವುದು. ಕೊನೆಯ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಕೂಡಿಸಿ ಓದಿದರೆ 'ಕಣ್‌ಕೀ'.

ಪೆನ್ನು ಕೆಳಗಿಟ್ಟೆ. ನಾವು ಒತ್ತುವ ಪ್ರತಿಯೊಂದು ಕೀಯನ್ನೂ ಕದ್ದು ನೋಡುವ ಪ್ರೋಗ್ರಾಂಗಳಿವೆ ಎಂದು ಅದೇ ಅಂಕಣ ಎಚ್ಚರಿಸಿತ್ತು. ಕಣ್ಣು, ಕೀ. ಇದಕ್ಕಿಂತ ಸಾಕ್ಷಿ ಬೇಕೆ? ಕಳ್ಳ ತನ್ನ ಹೆಸರನ್ನು ಕನ್ನಡ ಬೆರೆಸಿ ಯಾಕೆ ಇಟ್ಟುಕೊಂಡಾನು ಎಂದು ಮಾತ್ರ ಹೊಳೆಯಲಿಲ್ಲ. ಮುಚ್ಚಿಬಿಟ್ಟೆ.

ಅಂದು ಅತ್ತೆಗೆ ಪರೀಕ್ಷೆಯ ದಿನವಿದ್ದಂತೆ. ಹಿಂದೆ ಕನ್ನಡ ಟೈಪ್‌ರೈಟಿಂಗ್ ಸೀನಿಯರ್ ಪಾಸು ಮಾಡಿದ್ದವರು, ಮದುವೆ, ಮನೆ, ಗಂಡನ ಕಾಯಿಲೆಗಳಲ್ಲಿ ಅದನ್ನು ಮೂಲೆಗಿಟ್ಟು, ಒಂಟಿಯಾದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಪ್ರೆಸ್ ನಡೆಸುತ್ತಿದ್ದ ಮಾದಪ್ಪನವರು, "ಈ ಒಂದು ಕಾರ್ಡು ಮಾಡ್ಕೊಡಿ ಅಮ್ಮಾವ್ರೆ. ಸರಿಹೋದ್ರೆ ಇನ್ಮುಂದೆ ಎಲ್ಲಾ ನಿಮಗೇ" ಎಂದಿದ್ದರು. ಯಾರದೋ ಶಿವಗಣಾರಾಧನೆಯ ಕಾರ್ಡು. ಮದುವೆಯ ಕಾರ್ಡಾದರೆ ಒಂದು ದಿನ ತಡೆದೀತು, ತೀರಿಕೊಂಡವರ ಕಾರ್ಡು ತಡೆಯುವುದಿಲ್ಲ.

ಅತ್ತೆ ಕೂತರು. ಅಭ್ಯಾಸಕ್ಕೆಂದು ಮಾಡಿಟ್ಟಿದ್ದ ಹಳೆಯ ಕಾರ್ಡೊಂದನ್ನು ತೆರೆದು, ಒಳಗಿನದನ್ನು ಅಳಿಸಿ, ಶುರುಮಾಡಿದರು. "ಇವತ್ತು ಏನೋ ಹಗುರಾಗಿದೆ ಕಣೋ" ಎಂದರು. ನಾನು ಎದೆಯುಬ್ಬಿಸಿ ಅಡುಗೆಮನೆಗೆ ಹೋದೆ. ಟೈಪ್‌ರೈಟರಿನಲ್ಲಿ ಕಲಿತವರು ನೋಡುವುದು ಪಕ್ಕದ ಹಾಳೆಯನ್ನು. ಪರದೆಯನ್ನಲ್ಲ, ಬೆರಳನ್ನೂ ಅಲ್ಲ. ಟಕಟಕ ಸದ್ದು ಒಂದೇ ಸಮ ನಡೆದಿತ್ತು.

ಮಾದಪ್ಪನವರು ಸ್ಕೂಟರ್ ನಿಲ್ಲಿಸಿ ಒಳಬಂದು ಅತ್ತೆಯ ಹಿಂದೆ ನಿಂತು ಬಗ್ಗಿದರು.

"ಏನಮ್ಮಾವ್ರೆ, ಇದ್ಯಾವ ಸೀಮೆ ಕನ್ನಡ?"

ಅತ್ತೆ ತಲೆಯೆತ್ತಿದರು. ನಾನೂ ಓಡಿ ಬಂದು ನೋಡಿದೆ. ಪರದೆಯ ತುಂಬ ಕನ್ನಡದ ಚೂರುಗಳು. ತಲೆಕಟ್ಟು ಒಂದು ಕಡೆ, ಅಕ್ಷರ ಇನ್ನೊಂದು ಕಡೆ, ಯಾರಿಗೂ ಸೇರದ ಕೊಂಬುಗಳು, ಮೇಲೆ ಯಾರೂ ಇಲ್ಲದ ಒತ್ತುಗಳು. ತೀರಿಕೊಂಡವರ ಹೆಸರಿರಬೇಕಾದಲ್ಲಿ ಬರೀ ದೀರ್ಘಗಳು ಸಾಲುಗಟ್ಟಿದ್ದವು.

ಅತ್ತೆ ಎರಡೂ ಕೈಗಳನ್ನು ಕೀಬೋರ್ಡಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು ಅವನ್ನೇ ನೋಡಿದರು.

"ಕೈ ಮರ್ತೋಗಿದೆ, ಮಾದಪ್ಪೋರೆ. ನೀವು ಬೇರೆಯೋರ್ನ ನೋಡ್ಕಳಿ."

"ಕೈಯಲ್ಲ ಅತ್ತೆ, ಕಣ್ಣು," ನಾನು ತೊದಲಿದೆ. "ಬೆಳಿಗ್ಗೆ ನಾನೇ ಕಣ್ಣು ಮುಚ್ಚಿಸ್ಬುಟ್ಟೆ."

ಮಾದಪ್ಪನವರು ನನ್ನನ್ನೂ ನನ್ನ ಕೈಯಲ್ಲಿದ್ದ ಹೆಸರುಗಳ ಚೀಟಿಯನ್ನೂ ನೋಡಿದರು. "ಕಣ್ಮುಚ್ಚಿರೋರು ಈ ಕಾರ್ಡ್‌ನೋರು ಅಲ್ವೇನಪ್ಪ? ಇನ್ಯಾರಾದ್ರೂ ಇದಾರಾ?"

ನಾನು ಬರೆದುಕೊಂಡಿದ್ದ ಹೆಸರನ್ನು ಓದಿದೆ. ಅವರು ಹಣೆ ಚಚ್ಚಿಕೊಂಡರು. "ಕಣ್ಣಲ್ಲ ಮಾರಾಯ, ಕನ್ನಡದ್ದು 'ಕನ್' ಅದು. ಅಮ್ಮಾವ್ರು ಒತ್ತೋ ಕೀನೆಲ್ಲಾ ನೋಡಿ ಅದೇ ಜೋಡಿಸ್ಕೊಡೋದು. ಅದಿಲ್ದೆ ನಿನ್ ಡಬ್ಬಕ್ಕೆ ಕನ್ನಡ ಎಲ್ ಬರ್ತದೆ?"

ಆ ದಿನದ ದೊಡ್ಡ ಆಘಾತ ಇದೇ. ನಾನು ಹೆದರಿದ್ದು ಸುಳ್ಳೇನಲ್ಲ. ಅದು ಪ್ರತಿಯೊಂದು ಕೀಯನ್ನೂ ನೋಡುತ್ತಿತ್ತು. ನೋಡುತ್ತಿದ್ದುದರಿಂದಲೇ ನಮ್ಮ ಅಕ್ಷರ ಅಕ್ಷರವಾಗುತ್ತಿತ್ತು. ಕನ್ನಡ ಆ ಪೆಟ್ಟಿಗೆಯ ಒಳಗೆ, ಗೋಡೆಯಲ್ಲಿ ಇಟ್ಟಿಗೆ ಇರುವಂತೆ, ತಾನಾಗಿಯೇ ಇದೆ ಎಂದು ನಾನು ನಂಬಿದ್ದೆ. ಅದಕ್ಕಾಗಿ ಯಾರೋ ಹಿಂದೆ ನಿಂತಿರಬೇಕು ಎಂದು ಗೊತ್ತಿರಲಿಲ್ಲ.

ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದೆವು. ಅದು ಏಳುವವರೆಗೆ ಮಾದಪ್ಪನವರು ಒಂದು ಲೋಟ ಕಾಫಿ ಕುಡಿದು ಇನ್ನೊಂದು ಕೇಳಿದರು. ಪಟ್ಟಿ ತೆರೆದು ನೋಡಿದರೆ, ನಾನು ಮುಚ್ಚಿದವರೆಲ್ಲ ಎದ್ದು ಕೂತಿದ್ದಾರೆ, ಪ್ರಿಂಟರಿಗೆ ಕಾಯುವವನೂ ಸೇರಿ. ಕಣ್ಣೂ ಇತ್ತು. ಅತ್ತೆ ಮಡಿಲಿನಿಂದ ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲ ಅಕ್ಷರವನ್ನು ಪರದೆ ನೋಡಿಕೊಂಡೇ ಒತ್ತಿದರು. 'ಶಿ' ಗುಡಿಸು ಸಮೇತ ಬಂತು. ಆಮೇಲೆ ಹಾಳೆಯ ಕಡೆ ತಿರುಗಿದರು. ಮಾದಪ್ಪನವರು ಕಾರ್ಡು ಒಯ್ದು, ಮಾರನೆಯ ದಿನವೇ ಎರಡು ಮದುವೆಗಳೊಂದಿಗೆ ಬಂದರು.

ಬೇಡದವರನ್ನು ಶುರುವಿನಲ್ಲೇ ಏಳದಂತೆ ತಡೆಯುವುದನ್ನು ಮುಂದೆ ಕಲಿತೆ. ಒಬ್ಬೊಬ್ಬರ ಬಗ್ಗೆಯೂ ಅತ್ತೆಯನ್ನು ಕೇಳಿಯೇ ಹೆಸರಿನ ಮುಂದಿನ ಗುರುತು ತೆಗೆದೆ. ಅವರಿಗೆ ಮಾತ್ರ ಒಂದು ಪ್ರಶ್ನೆ ಅಂಟಿಕೊಂಡಿತು. ಪ್ರತಿದಿನ ಕೂರುವ ಮುನ್ನ ಕೂಗುತ್ತಿದ್ದರು: "ಕಣ್ಣು ಇದ್ಯೇನೋ?"

ಈಗ ಹೊಸ ಕಂಪ್ಯೂಟರ್ ಬಂದಿದೆ. ಇಂದು ಬೆಳಿಗ್ಗೆ ಹಾಲಿಗಿಂತ ಮೊದಲೇ ಎದ್ದಿತು. ಕೀಬೋರ್ಡಿನ ಹುಡಿಯನ್ನು ಕಾಗದದಲ್ಲಿ ಮಡಿಸುತ್ತಿದ್ದೆ. ಅತ್ತೆ ಹಣೆಯ ಮೇಲೆ ಮೂರು ಗೆರೆಗಳೊಂದಿಗೆ ಬಂದು ಕುರ್ಚಿ ಎಳೆದುಕೊಂಡರು. "ಕಣ್ಣು ಇದ್ಯೇನೋ?"

ಪಟ್ಟಿ ತೆರೆದೆ. ಮೇಲಿನಿಂದ ಕೆಳಗಿನವರೆಗೆ ಹುಡುಕಿದೆ. ಆ ಹೆಸರು ಎಲ್ಲೂ ಇರಲಿಲ್ಲ. ಮತ್ತೆ ಮೇಲಿನಿಂದ ಶುರುಮಾಡಿದೆ. ಅಷ್ಟರಲ್ಲಿ ಅತ್ತೆ ಹಾಳೆ ನೋಡುತ್ತಾ ಒಂದು ಸಾಲು ಮುಗಿಸಿದ್ದರು; ಒತ್ತು, ಕೊಂಬು, ದೀರ್ಘ ಎಲ್ಲವೂ ತಮ್ಮ ತಮ್ಮ ಅಕ್ಷರದ ಮೈಗೆ ಅಂಟಿಕೊಂಡಿದ್ದವು. ಈಗ ಅದು ಯಾವ ಹೆಸರಿನಲ್ಲಿ, ಎಲ್ಲಿ ನಿಂತಿದೆಯೋ ನನಗೆ ತಿಳಿಯದು.

"ಇದೆ ಅತ್ತೆ" ಎಂದು, ಒಂದನ್ನೂ ಮುಟ್ಟದೆ ಪಟ್ಟಿಯನ್ನಷ್ಟೇ ಮುಚ್ಚಿದೆ.