ಎರಡನೆಯವನನ್ನು ನಾನು ಹುಡುಕಲಿಲ್ಲ

ನನಗೆ ಗೊತ್ತಿತ್ತು, ಸೌಮ್ಯಾ. ಆ ಡಿಗ್ರಿ ಮುಗಿಸಿದವರಿಗೆ ಮೊದಲ ವರ್ಷ ಕೈಗೆ ಬರುವ ಸಂಬಳ, ಕಾಲೇಜಿನ ಪುಸ್ತಿಕೆಯಲ್ಲಿ ಅಚ್ಚಾಗಿದ್ದುದರ ಅರ್ಧವೂ ಇಲ್ಲ ಎಂಬುದು – ನಿನ್ನ ಅಪ್ಪ ಸಾಲದ ಅರ್ಜಿಗೆ ಸಹಿ ಹಾಕುವ ಮೊದಲೇ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಒಂಬತ್ತು ವರ್ಷಗಳಿಂದ ಹೇಳಿಲ್ಲ.

ಆಗ ನಾನು ಚೆನ್ನೈನ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಶಿಕ್ಷಣದ ಪುಟ ನೋಡಿಕೊಳ್ಳುತ್ತಿದ್ದೆ. ಡಾಕ್ಟರೂ ಅಲ್ಲದ, ನರ್ಸೂ ಅಲ್ಲದ, ಆದರೆ ಅವರಿಲ್ಲದೆ ಆಸ್ಪತ್ರೆ ನಡೆಯದ ಕೆಲಸಗಳ ಬಗ್ಗೆ ಬರೆಯಬೇಕಿತ್ತು – ಎಕ್ಸ್‌ರೇ ತೆಗೆಯುವವರು, ರಕ್ತ ಪರೀಕ್ಷಿಸುವವರು, ಡಯಾಲಿಸಿಸ್ ಯಂತ್ರ ನಡೆಸುವವರು. ಒಂದು ಕಮ್ಯುನಿಟಿ ಕಾಲೇಜು ಡಯಾಲಿಸಿಸ್‌ಗೆ ಮೂರು ವರ್ಷದ ಡಿಗ್ರಿ ಶುರು ಮಾಡಿತ್ತು. ಪ್ರಾಂಶುಪಾಲರು ಪುಸ್ತಿಕೆ ಕೊಟ್ಟು, ಅದರಲ್ಲಿದ್ದ ಸಂಬಳದ ಅಂಕಿಯನ್ನು ಬೆರಳಿಟ್ಟು ತೋರಿಸಿದರು.

ಅದೇ ವಾರ ಆಸ್ಪತ್ರೆಯೊಂದರ ಎದುರಿನ ಟೀ ಅಂಗಡಿಯಲ್ಲಿ, ಶಿಫ್ಟ್ ಮುಗಿಸಿ ಬಂದ ಟೆಕ್ನೀಷಿಯನ್ ಒಬ್ಬ ಸಿಕ್ಕಿದ. ಪುಸ್ತಿಕೆ ನೋಡಿ ನಕ್ಕ. ಮೊದಲ ವರ್ಷ ಟ್ರೈನಿ ಎಂದು ಕರೆದು ಇದರ ಅರ್ಧಕ್ಕಿಂತ ಕಡಿಮೆ ಕೊಡುತ್ತಾರೆ, ಈ ಅಂಕಿ ಮುಟ್ಟಲು ಇನ್ನೂ ಮೂರ್ನಾಲ್ಕು ವರ್ಷ ಬೇಕು ಎಂದ. ಹೆಸರು ಬರೆಯಬೇಡಿ ಎಂದ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಲೇಖನದಲ್ಲಿ ಅದು ಬರಲಿಲ್ಲ. ನಮ್ಮ ಕಚೇರಿಯ ನಿಯಮ – ಒಬ್ಬನೇ ಹೇಳಿದ್ದು ಸುದ್ದಿಯಲ್ಲ, ಎರಡನೆಯವನೂ ಹೇಳಬೇಕು. ಒಳ್ಳೆಯ ನಿಯಮ. ಆದರೆ ಪ್ರಾಂಶುಪಾಲರೂ ಒಬ್ಬರೇ ಅಲ್ಲವೆ? ಅವರ ಅಂಕಿಯನ್ನು ಲೇಖನಕ್ಕೆ ಹಾಕುವಾಗ ನಾನು ಎರಡನೆಯವನನ್ನು ಕೇಳಲಿಲ್ಲ. ಅದು ಅಚ್ಚಾಗಿತ್ತು, ಹೊಳೆಯುವ ಕಾಗದದ ಮೇಲಿತ್ತು...

ನಿನ್ನ ಅಪ್ಪ ವಾಸುದೇವಣ್ಣ ಕೀಲ್ಪಾಕಿನ ನಮ್ಮ ಬೀದಿಯ ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದರು. ಕೋಟದ ಕಡೆಯವರು. ಇಪ್ಪತ್ತೆರಡು ವರ್ಷ ಕಾದ ಕಲ್ಲಿನ ಮುಂದೆ ನಿಂತು ಅವರ ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು. ಒಂದು ಭಾನುವಾರ ನನ್ನ ಲೇಖನ ಕತ್ತರಿಸಿ ಹಿಡಿದುಕೊಂಡು, ನಿನ್ನನ್ನೂ ಕರೆದುಕೊಂಡು ಮನೆಗೆ ಬಂದರು. ನಿನ್ನ ಮುಂದೆ ಎರಡು ದಾರಿ ಇತ್ತು. ಅದೇ ಕಾಲೇಜಿನ ಒಂದು ವರ್ಷದ ಸರ್ಟಿಫಿಕೇಟ್ – ಸಾಲ ಬೇಡ, ಬೇಗ ಕೆಲಸ, ಡಿಗ್ರಿ ಆಮೇಲೆ. ಇಲ್ಲವೇ ಈಗಲೇ ಮೂರು ವರ್ಷದ ಡಿಗ್ರಿ, ಬ್ಯಾಂಕಿನ ಸಾಲ ಮಾಡಿ.

"ಪೇಪರಿನವ್ರು ನೀವ್. ಒಂದೇ ಮಾತ್ ಹೇಳಿ – ಸಾಲ ತೀರತ್ತಾ, ಇಲ್ಯಾ?"

ಅದೇ ಕತ್ತರಿಸಿದ ಲೇಖನದ ಅಂಚಿನಲ್ಲಿ ನಾನು ಲೆಕ್ಕ ಹಾಕಿದೆ. ಪುಸ್ತಿಕೆಯ ಸಂಬಳ, ಅದರಲ್ಲಿ ಕಂತು ಕಳೆದು ಉಳಿಯುವುದು. ಮಗಳು ಕೆಲಸಕ್ಕೆ ಸೇರಿದ ವರ್ಷವೇ ನೀವು ಕಲ್ಲು ಬಿಟ್ಟು ಕೂರಬಹುದು ಎಂದೆ. ನೋಟ್‌ಬುಕ್ ಅದೇ ಮೇಜಿನ ಡ್ರಾಯರಿನಲ್ಲಿತ್ತು. ನನ್ನ ಮೊಣಕಾಲು ಆ ಡ್ರಾಯರಿಗೆ ತಾಗುತ್ತಿತ್ತು.

ಮನೆಯ ಮೇಜಿಗೆ ಪತ್ರಿಕೆಯ ನಿಯಮ ಇರಲಿಲ್ಲ. ಒಬ್ಬ ಹೀಗೂ ಹೇಳಿದ್ದಾನೆ, ವಿಚಾರಿಸಿ ನೋಡಿ – ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಹಾಗೆ ಹೇಳಿದ್ದರೆ ನನ್ನ ಹೆಸರು ಹೊತ್ತು ಬಂದ ಲೇಖನ ಅರ್ಧ ಸುಳ್ಳೆಂದು ನಾನೇ ಒಪ್ಪಿದಂತಾಗುತ್ತಿತ್ತು.

ನೀನು ಡಿಗ್ರಿಗೆ ಸೇರಿದೆ. ಚೆನ್ನಾಗಿ ಓದಿದೆ. ಕೆಲಸ ಸಿಕ್ಕಿ ಮೊದಲ ತಿಂಗಳಾದ ಮೇಲೆ ಜಾಂಗಿರಿಯ ಪೊಟ್ಟಣದೊಂದಿಗೆ ಸಂಬಳದ ಚೀಟಿಯನ್ನೂ ತಂದು ಮೇಜಿನ ಮೇಲಿಟ್ಟೆ. ಟೀ ಅಂಗಡಿಯವನು ಹೇಳಿದಷ್ಟೇ ಇತ್ತು. ನನ್ನ ಮುಖ ಹೇಗಾಯಿತೋ ಗೊತ್ತಿಲ್ಲ – ಸಮಾಧಾನ ಮಾಡಿದ್ದು ನೀನು.

"ವಿಡುಂಗ ಅಂಕಲ್, ಬಿಡಿ. ನಿಮಗೂ ಕಾಲೇಜಿನವರು ಸುಳ್ಳೇ ತಾನೇ ಹೇಳಿದ್ದು?"

ನಾನು ತಲೆಯಾಡಿಸಿದೆ. ಮೊದಲನೆಯದು ಮೌನ, ಇದು ಸುಳ್ಳು. ನಾನು ಮಾಡದ ತಪ್ಪನ್ನು ನೀನು ಕ್ಷಮಿಸಿ ಹೋದೆ. ಮಾಡಿದ್ದು ಇಲ್ಲಿಯೇ ಉಳಿಯಿತು.

ವಾಸುದೇವಣ್ಣ ಮತ್ತೆ ನಾಲ್ಕು ವರ್ಷ ಕಲ್ಲಿನ ಮುಂದೆ ನಿಂತರು. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು, ಬಿಡುವಿನಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕಾಲಿಟ್ಟುಕೊಂಡು. "ಮಗಾ, ನಿನ್ನ ಮಿಷಿನಿಗೆ ನನ್ನ ಕಾಲ್ ಕಟ್ಟುಕೆ ಆತ್ತಾ?" ಎಂದು ನಿನ್ನನ್ನು ಕಿಚಾಯಿಸುತ್ತಿದ್ದರು. ನೀನು ನಗುತ್ತಿದ್ದೆ. ನಾನು ನನ್ನ ದೋಸೆ ತಿನ್ನುತ್ತಿದ್ದೆ.

ಆ ವರ್ಷಗಳಲ್ಲಿ ನೀನು ಏನು ಮಾಡಿದೆ ಎಂಬುದನ್ನೂ ದಾಖಲಿಸಬೇಕು. ನಮ್ಮ ಪತ್ರಿಕೆಯ ಹಳೆಯ ಪ್ರೂಫ್ ರೀಡರ್ ಒಬ್ಬರು ನಿನ್ನ ಯೂನಿಟ್ಟಿಗೆ ವಾರಕ್ಕೆ ಮೂರು ಸಲ ಬರುತ್ತಿದ್ದರು. ನಿನ್ನ ಶಿಫ್ಟ್ ಯಾವಾಗ ಎಂದು ಕೇಳಿಕೊಂಡೇ ದಿನ ಗೊತ್ತು ಮಾಡುತ್ತಿದ್ದರು. ಆ ಹುಡುಗಿ ಸೂಜಿ ಹಾಕಿದ್ದು ಗೊತ್ತೇ ಆಗುವುದಿಲ್ಲ ಎನ್ನುತ್ತಿದ್ದರು. ಜೊತೆಗೆ ಹೋಗಿ ಒಮ್ಮೆ ನೋಡಿದೆ. ಐದು ಯಂತ್ರ, ಐದು ಹಾಸಿಗೆ, ನೀನೊಬ್ಬಳು. ಒಂದು ಯಂತ್ರ ಕೂಗುವ ಮೊದಲೇ ನೀನು ಅದರ ಬಳಿ ನಿಂತಿರುತ್ತಿದ್ದೆ. ಹೊಗಳಿಕೆಯ ಮಾತು ನನಗೆ ಬಾರದು, ಕಂಡದ್ದನ್ನಷ್ಟೇ ಬರೆದಿದ್ದೇನೆ.

ಇನ್ನೊಂದು. ಪ್ರತಿ ವರ್ಷ ಅಡ್ಮಿಷನ್ ತಿಂಗಳಲ್ಲಿ, ಭಾನುವಾರ ಊಟದ ಗಲಾಟೆ ಇಳಿದ ಮೇಲೆ, ಹೋಟೆಲಿನ ಕೈತೊಳೆಯುವ ಬೇಸಿನ್ ಪಕ್ಕದ ಮೇಜಿನಲ್ಲಿ ನೀನು ಕೂರುತ್ತೀ. ಕೋರ್ಸಿಗೆ ಸೇರಲಿರುವ ಮಕ್ಕಳು, ಅವರ ಅಪ್ಪ ಅಮ್ಮ ಬರುತ್ತಾರೆ. ಹನ್ನೊಂದು ಸಹೋದ್ಯೋಗಿಗಳ ಸಂಬಳದ ಚೀಟಿಗಳನ್ನು ಹರಡುತ್ತೀ – ಮೊದಲ ವರ್ಷದ್ದು, ಮೂರನೆಯದು, ಐದನೆಯದು. ಹೆಸರುಗಳ ಮೇಲೆ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಅಂಟಿಸಿರುತ್ತೀ. ಸೇರಬೇಡಿ ಎಂದು ನೀನು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಸಾಲ ಎಷ್ಟು, ಮನೆಯಲ್ಲಿ ದುಡಿಯುವವರ ಆರೋಗ್ಯ ಹೇಗಿದೆ – ಎರಡನ್ನೂ ಕೇಳುತ್ತೀ. ಆ ಎರಡನೆಯ ಪ್ರಶ್ನೆ ನನಗೆ ಆ ಭಾನುವಾರ ಹೊಳೆದಿರಲಿಲ್ಲ, ಉಬ್ಬಿದ ಕಾಲು ಎದುರಿಗೇ ಇದ್ದರೂ.

ನಾನು ಎರಡನೆಯವನನ್ನು ಹುಡುಕಲಿಲ್ಲ. ನೀನು ಹನ್ನೊಂದು ಜನರನ್ನು ಹುಡುಕಿದೆ.

ಹೋದ ತಿಂಗಳು ಆ ಚೀಟಿಗಳನ್ನು ನನ್ನ ಮುಂದೆ ತಂದಿಟ್ಟು, "ನೀವು ಬರೀರಿ ಅಂಕಲ್, ನೀವು ಹೇಳಿದ್ರೆ ಜನ ನಂಬ್ತಾರೆ" ಎಂದೆ. ಬರೆಯುತ್ತೇನೆ. ಆದರೆ ಇದನ್ನು ಬರೆಯದೆ ಅದನ್ನು ಬರೆಯುವ ಹಕ್ಕು ನನಗಿಲ್ಲ.

ಇಂಗ್ಲಿಷಿನಲ್ಲೇ ಬರೆಯಬಹುದಿತ್ತು. ನೀನೊಬ್ಬಳೇ ಓದಿಕೊಂಡು, ಅಪ್ಪನಿಗೆ ಹೇಳದೆ, ಮಡಚಿ ಇಟ್ಟುಬಿಡುತ್ತಿದ್ದೆ – ಅಷ್ಟು ನಿನ್ನನ್ನು ಬಲ್ಲೆ. ನಿನಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಇದನ್ನು ನಮ್ಮ ಕನ್ನಡ ಸಂಘದ ಸಂಚಿಕೆಗೆ ಕೊಡುತ್ತಿದ್ದೇನೆ. ವಾಸುದೇವಣ್ಣ ಅದನ್ನು ಒಂದಕ್ಷರ ಬಿಡದೆ ಓದುತ್ತಾರೆ, ಬಕೆಟ್ಟಿನ ಮೇಲೆ ಕಾಲು ಚಾಚಿಕೊಂಡು. ಹತ್ತಿರ ಕೂತು ಕೇಳು. ಇದನ್ನು ನಿನಗೆ ಅವರೇ ಓದಿ ಹೇಳಬೇಕು.